ನ್ಯಾಯದ ಮೇಲೆ ನಿಲ್ಲುವ ಶಾಂತಿ: ಮೆಸ್ಸೀಯನ ನಿರೀಕ್ಷೆಯ ಚರಿತ್ರೆ

ಡಿಸೆಂಬರ್ 24ರ ನಡುರಾತ್ರಿ ಕಥೋಲಿಕ ದೇವಾಲಯಗಳಲ್ಲಿ ನಡೆಯುವ ಕ್ರಿಸ್ತಜಯಂತಿಯ ಬಲಿಪೂಜೆಯಲ್ಲಿ ಮೊದಲು ಓದಲಾಗುವುದು ಯೇಸುವಿನ ಜನನದ ವೃತ್ತಾಂತವನ್ನಲ್ಲ. ಆ ಜನನಕ್ಕೆ ಏಳು ಶತಮಾನಗಳಷ್ಟು ಹಿಂದೆ ಯೆರೂಸಲೇಮಿನಲ್ಲಿ ಬಾಳಿದ ಯೆಶಾಯನೆಂಬ ಪ್ರವಾದಿಯ ಹೆಸರಿನಲ್ಲಿರುವ ಗ್ರಂಥದ ಒಂಬತ್ತನೆಯ ಅಧ್ಯಾಯದ ಭಾಗವೊಂದನ್ನು. ಕತ್ತಲಲ್ಲಿ ಸಿಲುಕಿದ ಜನತೆಗೆ ಬೆಳಕು ಕಾಣಿಸುವುದನ್ನು, ಯುದ್ಧದ ಉಡುಪುಗಳು ಬೆಂಕಿಗೆ ಆಹುತಿಯಾಗುವುದನ್ನು, ದಾವೀದನ ಸಿಂಹಾಸನಕ್ಕೆ ಬಾಧ್ಯನಾದ ಮಗುವೊಂದು ಹುಟ್ಟುವುದನ್ನು, ಅವನ ಆಳ್ವಿಕೆಯಲ್ಲಿ ಶಾಂತಿಗೆ ಕೊನೆಯೇ ಇರದುದನ್ನು ಆ ಭಾಗವು ವರ್ಣಿಸುತ್ತದೆ. ಈ ಭರವಸೆಯನ್ನು ಈಡೇರಿಸುವವನು ಮೆಸ್ಸೀಯ, ಆ ಮೆಸ್ಸೀಯನು ಯೇಸುವೇ ಎಂಬುದು ಕ್ರೈಸ್ತ ನಂಬಿಕೆಯ ತಳಹದಿಯಾಗಿದೆ. ಬೆಟ್ಟಪ್ರದೇಶದ ಪುಟ್ಟ ರಾಜ್ಯವೊಂದರ ರಾಜಕೀಯ ಸಂಕಟದಲ್ಲಿ ಹುಟ್ಟಿದ ಮಾತು ಒಂದು ವಿಶ್ವಧರ್ಮದ ನಂಬಿಕೆಯಾದದ್ದು ಹೇಗೆ, ಮತ್ತು ಈಡೇರಿತೆಂದು ನಂಬಲಾದ ಮೇಲೂ ಅದು ಇಂದಿಗೂ ನಿರೀಕ್ಷೆಯಾಗಿಯೇ ಉಳಿದಿರುವುದು ಏಕೆ ಎಂಬ ಎರಡು ಪ್ರಶ್ನೆಗಳು ಧರ್ಮದ ಚರಿತ್ರೆಗೆ ಎಷ್ಟು ಮುಖ್ಯವೋ ರಾಜಕೀಯ ಚಿಂತನೆಯ ಚರಿತ್ರೆಗೂ ಅಷ್ಟೇ ಮುಖ್ಯವಾದವು.

ಸೋತ ಗಡಿನಾಡಿಗೆ ಕೊಟ್ಟ ಭರವಸೆ

ಮೆಸ್ಸೀಯ ಎಂಬುದು ಹೀಬ್ರೂ ಮೂಲದ ಪದ. ಎಣ್ಣೆಯಿಂದ ಅಭಿಷೇಕ ಹೊಂದಿದವನು ಎಂಬುದು ಅದರ ಅರ್ಥ, ಕ್ರಿಸ್ತ ಎಂಬುದು ಅದರ ಗ್ರೀಕ್ ರೂಪ. ಪ್ರಾಚೀನ ಇಸ್ರಾಯೇಲಿನಲ್ಲಿ ಅರಸನನ್ನೂ ಮಹಾಯಾಜಕನನ್ನೂ ಅಧಿಕಾರಕ್ಕೆ ಏರಿಸುವಾಗ ತಲೆಯ ಮೇಲೆ ಎಣ್ಣೆ ಸುರಿಯುವ ಪದ್ಧತಿಯಿದ್ದುದರಿಂದ, ಈ ಬಿರುದು ಮೊದಲಿಗೆ ಮುಂದೆಂದೋ ಬರುವ ಉದ್ಧಾರಕನಿಗೆ ಸಲ್ಲದೆ ಸಿಂಹಾಸನದ ಮೇಲೆ ಕುಳಿತಿದ್ದ ಅರಸನಿಗೇ ಸಲ್ಲುತ್ತಿತ್ತು. ಕ್ರಿ.ಪೂ. 1000ದ ಸುಮಾರಿಗೆ ಆಳಿದ ದಾವೀದನ ಮನೆತನ ಎಂದೆಂದಿಗೂ ನೆಲೆಯಾಗಿ ನಿಲ್ಲುವುದೆಂದು ಪ್ರವಾದಿ ನಾತಾನನು ದೇವರ ಹೆಸರಿನಲ್ಲಿ ಮಾತು ಕೊಟ್ಟನೆಂದು ಹಳೆಯ ಒಡಂಬಡಿಕೆಯಲ್ಲಿ ಬರುವ ಪ್ರಸಂಗವೇ ಮುಂದಿನ ಎಲ್ಲ ನಿರೀಕ್ಷೆಗಳ ಬೇರು.

ದಾವೀದನ ಮಗ ಸೊಲೊಮೋನನ ಕಾಲಾನಂತರ ರಾಜ್ಯವು ಉತ್ತರದ ಇಸ್ರಾಯೇಲ್ ಮತ್ತು ದಕ್ಷಿಣದ ಯೆಹೂದ ಎಂದು ಎರಡಾಯಿತು. ಕ್ರಿ.ಪೂ. ಎಂಟನೆಯ ಶತಮಾನದ ಹೊತ್ತಿಗೆ ಇವೆರಡೂ ಅಶ್ಶೂರ ಸಾಮ್ರಾಜ್ಯದ ಎದುರು ಅಸಹಾಯಕವಾಗಿದ್ದವು. ಕ್ರಿ.ಪೂ. 735ರ ಸುಮಾರಿಗೆ ಇಸ್ರಾಯೇಲಿನ ಅರಸ ಪೆಕಹನೂ ದಮಸ್ಕದ ಅರಸ ರೆಚೀನನೂ ಅಶ್ಶೂರದ ವಿರುದ್ಧ ಕೂಟ ಕಟ್ಟಿ, ಅದಕ್ಕೆ ಸೇರಲೊಪ್ಪದ ಯೆಹೂದದ ಮೇಲೆ ದಂಡೆತ್ತಿ ಬಂದಾಗ, ಯೆಹೂದದ ಅರಸ ಆಹಾಜನು ಯೆಶಾಯನ ಎಚ್ಚರಿಕೆಯನ್ನು ಬದಿಗಿಟ್ಟು, ದೇವಾಲಯದ ಬೆಳ್ಳಿಬಂಗಾರವನ್ನು ಕಪ್ಪವಾಗಿ ಕಳುಹಿಸಿ ಅಶ್ಶೂರದ ಚಕ್ರವರ್ತಿ ಮೂರನೆಯ ತಿಗ್ಲತ್ಪಿಲೆಸೆರನ ನೆರವು ಬೇಡಿದನು. ನೆರವಿಗೆಂದು ಬಂದ ಸೈನ್ಯವು ಕ್ರಿ.ಪೂ. 733–732ರಲ್ಲಿ ಗಲಿಲಾಯವನ್ನು, ಅಂದರೆ ಜೆಬುಲೂನ್ ಮತ್ತು ನಫ್ತಾಲಿ ಕುಲಗಳು ನೆಲೆಸಿದ್ದ ಉತ್ತರದ ಗಡಿನಾಡನ್ನು ವಶಪಡಿಸಿಕೊಂಡು ಸಾಮ್ರಾಜ್ಯಕ್ಕೆ ಸೇರಿಸಿಕೊಂಡಿತು. ಅಲ್ಲಿನ ಜನರನ್ನು ಸೆರೆಹಿಡಿದು ದೂರದೇಶಕ್ಕೆ ಸಾಗಿಸಿತು. ಹತ್ತು ವರ್ಷಗಳಲ್ಲೇ, ಕ್ರಿ.ಪೂ. 722ರಲ್ಲಿ, ರಾಜಧಾನಿ ಸಮಾರ್ಯವೂ ಬಿದ್ದು ಉತ್ತರದ ರಾಜ್ಯ ನಾಮಾವಶೇಷವಾಯಿತು.

ಯೆಶಾಯನ ಒಂಬತ್ತನೆಯ ಅಧ್ಯಾಯವು ಜೆಬುಲೂನ್ ಮತ್ತು ನಫ್ತಾಲಿಗಳ ಹೆಸರನ್ನು ಹಿಡಿದೇ ಆರಂಭವಾಗುವುದು ಈ ಹಿನ್ನೆಲೆಯಲ್ಲಿ. ಅಲ್ಲಿನ ಕತ್ತಲೆಂದರೆ ಪರಕೀಯರ ದಂಡು ಬೀಡುಬಿಟ್ಟ, ಊರುಗಳು ಬರಿದಾದ, ದುಡಿಮೆಯ ಫಲ ಕಪ್ಪವಾಗಿ ಹೊರಟುಹೋಗುವ ನಾಡಿನ ಸ್ಥಿತಿ. ಬೆಳಕೆಂದರೆ ಆ ನೊಗ ಮುರಿಯುವ ದಿನ. ಹುಟ್ಟಿದನೆಂದು ಸಾರಲಾದ ಮಗು ಆಹಾಜನ ಮಗ ಹಿಜ್ಕೀಯನಿರಬೇಕೆಂದು ಯೆಹೂದಿ ವ್ಯಾಖ್ಯಾನಕಾರರನೇಕರು ತಿಳಿದಿದ್ದಾರೆ. ಇದು ಹಿಜ್ಕೀಯನ ಪಟ್ಟಾಭಿಷೇಕದ ಸಂದರ್ಭದ ರಚನೆಯಾಗಿರಬಹುದೆಂದು ಆಧುನಿಕ ವಿದ್ವಾಂಸರಲ್ಲಿ ಹಲವರು ಊಹಿಸಿದ್ದಾರೆ. ಮಗುವಿಗೆ ಸಲ್ಲಿಸಲಾದ ಬಿರುದುಗಳ ಸಾಲು ಈಜಿಪ್ಟಿನ ಅರಸರು ಸಿಂಹಾಸನವೇರುವಾಗ ಧರಿಸುತ್ತಿದ್ದ ಬಿರುದುಗಳ ಸಾಲನ್ನು ಹೋಲುವುದೂ ಈ ಊಹೆಗೆ ಒತ್ತಾಸೆಯಾಗಿದೆ. ಆದರೆ ಬರುವ ಅರಸನು ಯಾರೇ ಆಗಿರಲಿ, ಅವನ ರಾಜ್ಯವು ನೀತಿನ್ಯಾಯಗಳ ಆಧಾರದ ಮೇಲೆ ನಿಲ್ಲಬೇಕೆಂಬ ಕರಾರನ್ನು ಪ್ರವಾದಿಯು ಬೆಳಕು ಮತ್ತು ಶಾಂತಿಗಳ ಜೊತೆಗೇ ಸೇರಿಸಿಬಿಟ್ಟಿರುವುದು ಗಮನಾರ್ಹವಾದುದು. ಹನ್ನೊಂದನೆಯ ಅಧ್ಯಾಯದಲ್ಲಿ ಈ ಕ್ರಮ ಇನ್ನೂ ಸ್ಪಷ್ಟವಾಗುತ್ತದೆ: ಕಡಿದುಹಾಕಿದ ಮರದ ಬುಡದಿಂದ ಚಿಗುರಿದಂತೆ ದಾವೀದನ ವಂಶದಿಂದ ಹೊಮ್ಮುವ ಅರಸನು ಮೊದಲು ಬಡವರಿಗೆ ನ್ಯಾಯ ದೊರಕಿಸುತ್ತಾನೆ, ಆಮೇಲಷ್ಟೇ ತೋಳ ಮತ್ತು ಕುರಿಮರಿಗಳು ಒಟ್ಟಿಗೆ ಬಾಳುವ ಚಿತ್ರ ಬರುತ್ತದೆ. ಈ ಕ್ರಮದಲ್ಲಿ ಶಾಂತಿಯು ನ್ಯಾಯದ ಫಲವೇ ಹೊರತು ಅದರ ಬದಲಿಯಲ್ಲ.

ಅರಸರಿಲ್ಲದ ಕಾಲದಲ್ಲಿ ಬೆಳೆದ ನಿರೀಕ್ಷೆ

ಯಾವ ಅರಸನೂ ಈ ಅಳತೆಗೆ ಒದಗಲಿಲ್ಲ. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ನೆಬೂಕದ್ನೆಚ್ಚರನು ಯೆರೂಸಲೇಮನ್ನೂ ಅದರ ದೇವಾಲಯವನ್ನೂ ನೆಲಸಮ ಮಾಡಿದಾಗ ದಾವೀದನ ಮನೆತನದ ಆಳ್ವಿಕೆಯೇ ಕೊನೆಗೊಂಡಿತು. ಕ್ರಿ.ಪೂ. 539ರಲ್ಲಿ ಬಾಬಿಲೋನನ್ನು ಗೆದ್ದು, ಸೆರೆಯಲ್ಲಿದ್ದ ಯೆಹೂದ್ಯರಿಗೆ ತಾಯ್ನಾಡಿಗೆ ಮರಳುವ ಅವಕಾಶ ಕೊಟ್ಟ ಪರ್ಷಿಯಾದ ಕೋರೆಷನನ್ನು ಯೆಶಾಯನ ಗ್ರಂಥದ ನಲವತ್ತೈದನೆಯ ಅಧ್ಯಾಯವು ದೇವರ ಅಭಿಷಿಕ್ತನೆಂದೇ ಕರೆಯುತ್ತದೆ. ಇಸ್ರಾಯೇಲಿನ ದೇವರನ್ನು ಅರಿಯದ ಪರದೇಶದ ಅರಸನಿಗೂ ಮೆಸ್ಸೀಯನೆಂಬ ಬಿರುದು ಸಂದುದನ್ನು ನೋಡಿದರೆ, ಬಂಧನದ ಬಿಡುಗಡೆಯೇ ಆ ಬಿರುದಿನ ತಿರುಳಾಗಿತ್ತೆಂಬುದು ತಿಳಿಯುತ್ತದೆ. ಕ್ರಿ.ಪೂ. 515ರಲ್ಲಿ ದೇವಾಲಯವು ಮತ್ತೆ ಎದ್ದು ನಿಂತರೂ ದಾವೀದನ ಸಿಂಹಾಸನ ಬರಿದಾಗಿಯೇ ಉಳಿಯಿತು. ಕಣ್ಣೆದುರು ಅರಸನಿಲ್ಲದಿದ್ದುದರಿಂದಲೇ ಹಳೆಯ ಮಾತುಗಳೆಲ್ಲ ಭವಿಷ್ಯದತ್ತ ತಿರುಗಿದವು.

ಮುಂದಿನ ಶತಮಾನಗಳ ಒಂದೊಂದು ಆಘಾತವೂ ಈ ನಿರೀಕ್ಷೆಯನ್ನು ಹರಿತಗೊಳಿಸಿತು. ಗ್ರೀಕ್ ದೊರೆ ನಾಲ್ಕನೆಯ ಆಂಟಿಯೋಕಸ್ ಕ್ರಿ.ಪೂ. 167ರಲ್ಲಿ ದೇವಾಲಯವನ್ನು ಅಪವಿತ್ರಗೊಳಿಸಿದನು. ಮಕ್ಕಬಿಯರೆಂಬ ಯಾಜಕ ಮನೆತನದವರು ದಂಗೆಯೆದ್ದು ಅದನ್ನು ಮರಳಿ ಪಡೆದದ್ದರ ನೆನಪಿಗೆ ದೀಪಗಳ ಹಬ್ಬವಾದ ಹನುಕ್ಕಾ ಆಚರಣೆಗೆ ಬಂತು. ಕ್ರಿ.ಪೂ. 63ರಲ್ಲಿ ರೋಮಿನ ಸೇನಾನಿ ಪಾಂಪೆಯು ಯೆರೂಸಲೇಮನ್ನು ಹಿಡಿದ ಬಳಿಕ ರಚಿತವಾದ, ಸೊಲೊಮೋನನ ಹೆಸರಿನಲ್ಲಿರುವ ಕೀರ್ತನೆಗಳ ಒಂದು ಸಂಗ್ರಹದಲ್ಲಿ ಪರಕೀಯರನ್ನು ಓಡಿಸಿ ನಗರವನ್ನು ಶುದ್ಧಗೊಳಿಸುವ ದಾವೀದನ ಪುತ್ರನಿಗಾಗಿ ಮೊರೆಯಿಡಲಾಗಿದೆ.

ಆದರೆ ಎಲ್ಲರೂ ಒಂದೇ ಬಗೆಯ ಮೆಸ್ಸೀಯನಿಗಾಗಿ ಕಾಯುತ್ತಿದ್ದರೆಂದು ತಿಳಿಯುವುದು ತಪ್ಪಾಗುತ್ತದೆ. 1947ರಲ್ಲಿ ಮೃತ ಸಮುದ್ರದ ದಡದ ಕುಮ್ರಾನಿನ ಗುಹೆಗಳಲ್ಲಿ ಬೆಳಕಿಗೆ ಬರತೊಡಗಿದ ಸುರುಳಿಗಳಿಂದ ಈ ಸಂಗತಿ ಖಚಿತವಾಯಿತು. ಕ್ರಿಸ್ತಪೂರ್ವ ಎರಡನೆಯ ಶತಮಾನಕ್ಕೆ ಸೇರಿದ, ಏಳು ಮೀಟರಿಗೂ ಉದ್ದದ ಯೆಶಾಯನ ಸುರುಳಿಯೊಂದು ಹೆಚ್ಚುಕಡಿಮೆ ಇಡಿಯಾಗಿ ದೊರೆತು, ಈಗ ಯೆರೂಸಲೇಮಿನ ಇಸ್ರೇಲ್ ವಸ್ತುಸಂಗ್ರಹಾಲಯದಲ್ಲಿದೆ. ಅದೇ ಗುಹೆಗಳಲ್ಲಿ ಸಿಕ್ಕ ಸಮುದಾಯದ ನಿಯಮಗ್ರಂಥವು ಇಬ್ಬರು ಅಭಿಷಿಕ್ತರನ್ನು, ಎಂದರೆ ಆರೋನನ ವಂಶದ ಯಾಜಕನೊಬ್ಬನನ್ನೂ ಇಸ್ರಾಯೇಲಿನ ಅರಸನೊಬ್ಬನನ್ನೂ, ಎದುರುನೋಡುತ್ತದೆ. ಜೆಕರ್ಯನ ಗ್ರಂಥದಲ್ಲಿ ಕತ್ತೆಯನ್ನೇರಿ ಬರುವ ವಿನಯಶೀಲ ಅರಸನಿದ್ದರೆ, ದಾನಿಯೇಲನ ಗ್ರಂಥದಲ್ಲಿ ಆಕಾಶದ ಮೇಘಗಳೊಡನೆ ಬರುವ ಮನುಷ್ಯಸದೃಶನೊಬ್ಬನಿದ್ದಾನೆ. ಯೇಸು ಹುಟ್ಟಿದ್ದು ಇಂತಹ ಹಲವು ನಿರೀಕ್ಷೆಗಳು ಒಂದರೊಡನೊಂದು ಸ್ಪರ್ಧಿಸುತ್ತಿದ್ದ ನಾಡಿನಲ್ಲಿ.

ಎರಡು ಬಗೆಯ ಶಾಂತಿ

ಶಾಂತಿಯ ಭರವಸೆ ಆಗ ಯೆಹೂದ್ಯರ ಗುತ್ತಿಗೆಯಾಗಿರಲಿಲ್ಲ. ದಶಕಗಳ ಅಂತರ್ಯುದ್ಧವನ್ನು ಕೊನೆಗಾಣಿಸಿದ ಚಕ್ರವರ್ತಿ ಅಗಸ್ಟಸನ ಗೌರವಾರ್ಥವಾಗಿ ರೋಮಿನಲ್ಲಿ ಕಟ್ಟಿಸಿದ ಶಾಂತಿಯ ಬಲಿಪೀಠವು ಕ್ರಿ.ಪೂ. 9ರಲ್ಲಿ ಪ್ರತಿಷ್ಠಾಪನೆಗೊಂಡಿತು. ಅದೇ ವರ್ಷದ್ದೆಂದು ಗುರುತಿಸಲಾಗಿರುವ, ಇಂದಿನ ಟರ್ಕಿಯ ಪ್ರೀಯೆನೆ ಎಂಬಲ್ಲಿ ದೊರೆತ ಶಾಸನವೊಂದು ಅಗಸ್ಟಸನನ್ನು ರಕ್ಷಕನೆಂದು ಕೊಂಡಾಡಿ, ಅವನ ಜನ್ಮದಿನವೇ ಲೋಕಕ್ಕೆ ಶುಭಸಂದೇಶದ ಆರಂಭವೆಂದು ಸಾರುತ್ತದೆ. ಲೂಕನು ತನ್ನ ಸುವಾರ್ತೆಯಲ್ಲಿ ಯೇಸುವಿನ ಜನನದ ಕಥೆಯನ್ನು ಅಗಸ್ಟಸನ ಜನಗಣತಿಯ ಆಜ್ಞೆಯಿಂದ ಆರಂಭಿಸಿ, ಬೇತ್ಲೆಹೇಮಿನ ಹೊಲಗಳಲ್ಲಿ ರಾತ್ರಿ ಕಾವಲಿದ್ದ ಕುರುಬರಿಗೆ ದೇವದೂತರು ರಕ್ಷಕನ ಜನನವನ್ನೂ ಭೂಮಿಗೆ ಶಾಂತಿಯನ್ನೂ ಸಾರಿದರೆಂದು ಹೇಳುವಾಗ, ಚಕ್ರವರ್ತಿಗೆ ಮೀಸಲಾಗಿದ್ದ ಅವೇ ಬಿರುದುಗಳನ್ನು ಗೋದಲಿಯಲ್ಲಿ ಮಲಗಿದ್ದ ಮಗುವಿಗೆ ಸಲ್ಲಿಸುತ್ತಿದ್ದಾನೆ. ರೋಮಿನ ಶಾಂತಿ ಸೈನ್ಯದ ಗೆಲುವಿನಿಂದ ಬಂದದ್ದು, ಸೋತವರ ಮೌನದ ಮೇಲೆ ನಿಂತದ್ದು. ಸುವಾರ್ತೆಯ ಶಾಂತಿ ಸಮಾಜದ ಅಂಚಿನಲ್ಲಿದ್ದವರಿಗೆ ಮೊದಲು ಮುಟ್ಟಿದ್ದು.

ಇನ್ನೊಬ್ಬ ಸುವಾರ್ತಾಕಾರ ಮತ್ತಾಯನು ಬೇರೊಂದು ದಾರಿಯಿಂದ ಇದೇ ಮಾತಿಗೆ ಬರುತ್ತಾನೆ. ಯೇಸು ನಜರೇತನ್ನು ಬಿಟ್ಟು ಗಲಿಲಾಯ ಸರೋವರದ ತೀರದ ಕಪೆರ್ನೌಮಿನಲ್ಲಿ ನೆಲೆಸಿದಾಗ ಯೆಶಾಯನ ಜೆಬುಲೂನ್–ನಫ್ತಾಲಿಗಳ ಮಾತು ನೆರವೇರಿತೆಂದು ಅವನು ಬರೆಯುತ್ತಾನೆ. ಅಶ್ಶೂರರಿಗೆ ಮೊದಲು ಬಲಿಯಾದ ನಾಡಿಗೇ ಬೆಳಕು ಮೊದಲು ಬರುತ್ತದೆಂಬುದು ಇಲ್ಲಿನ ಆಶಯ. ಯೋಹಾನನ ಸುವಾರ್ತೆಯಲ್ಲಿ ಯೇಸು ತಾನೇ ಲೋಕದ ಬೆಳಕೆಂದು ಘೋಷಿಸುವ ಸಂದರ್ಭಕ್ಕೆ ಪರ್ಣಶಾಲೆಗಳ ಹಬ್ಬದ ಹಿನ್ನೆಲೆಯಿದೆ. ಆ ಸುಗ್ಗಿಯ ಹಬ್ಬದಲ್ಲಿ ದೇವಾಲಯದ ಸ್ತ್ರೀಯರ ಅಂಗಳದಲ್ಲಿ ಎತ್ತರವಾದ ದೀಪಸ್ತಂಭಗಳನ್ನು ಹಚ್ಚುತ್ತಿದ್ದುದನ್ನು ಯೆಹೂದಿ ಧರ್ಮಶಾಸ್ತ್ರವಾದ ಮಿಷ್ನಾ ದಾಖಲಿಸಿದೆ.

ಆದರೂ ಯೇಸುವಿನ ಕಥೆ ಮೆಸ್ಸೀಯನ ಯಾವ ಸಿದ್ಧ ಚಿತ್ರಕ್ಕೂ ಸರಿಹೊಂದಲಿಲ್ಲ. ಅವನು ಸೈನ್ಯ ಕಟ್ಟಲಿಲ್ಲ, ರೋಮನ್ನರನ್ನು ಓಡಿಸಲಿಲ್ಲ, ಕ್ರಿ.ಶ. 30ರ ಆಸುಪಾಸಿನಲ್ಲಿ ರೋಮನ್ ಅಧಿಪತಿ ಪಿಲಾತನ ಆಜ್ಞೆಯಂತೆ ಯೆಹೂದ್ಯರ ಅರಸನೆಂಬ ಫಲಕದ ಕೆಳಗೆ ಶಿಲುಬೆಯ ಮೇಲೆ ಸತ್ತನು. ಇಸ್ರಾಯೇಲನ್ನು ಬಿಡಿಸುವವನು ಇವನೇ ಎಂದುಕೊಂಡಿದ್ದವರ ನಿರಾಶೆಯನ್ನು ಎಮ್ಮಾವಿನ ದಾರಿಯಲ್ಲಿ ನಡೆಯುತ್ತಿದ್ದ ಇಬ್ಬರು ಶಿಷ್ಯರ ಬಾಯಲ್ಲಿ ಲೂಕನೇ ದಾಖಲಿಸಿದ್ದಾನೆ. ಶಿಲುಬೆಗೇರಿದ ಮೆಸ್ಸೀಯನೆಂಬ ಮಾತು ಯೆಹೂದ್ಯರಿಗೆ ಎಡವುಗಲ್ಲು, ಅನ್ಯರಿಗೆ ಹುಚ್ಚುಮಾತು ಎಂಬುದನ್ನು ಆದಿಸಭೆಯ ಪ್ರಚಾರಕ ಪೌಲನೂ ಒಪ್ಪಿಕೊಂಡಿದ್ದನು. ಪುನರುತ್ಥಾನದಲ್ಲಿ, ಎಂದರೆ ಯೇಸುವು ಸಾವಿನಿಂದ ಎದ್ದನೆಂಬುದರಲ್ಲಿ, ನಂಬಿಕೆಯಿಟ್ಟ ಶಿಷ್ಯರು ಧರ್ಮಗ್ರಂಥವನ್ನು ಮರಳಿ ಓದಿದರು. ಪರರ ಅಪರಾಧವನ್ನು ಹೊತ್ತು ಮೌನವಾಗಿ ನೋಯುವ ದೇವಸೇವಕನನ್ನು ಚಿತ್ರಿಸುವ ಯೆಶಾಯನ ಐವತ್ತಮೂರನೆಯ ಅಧ್ಯಾಯದ ಬೆಳಕಿನಲ್ಲಿ ಒಂಬತ್ತನೆಯ ಅಧ್ಯಾಯದ ಅರಸನನ್ನು ಅರ್ಥಮಾಡಿಕೊಂಡರು. ಕ್ರೈಸ್ತ ನಿರೀಕ್ಷೆಯ ನಿಜವಾದ ಹೊಸತನವಿರುವುದು ಈ ಜೋಡಣೆಯಲ್ಲಿ: ಶಾಂತಿಯನ್ನು ತರುವವನು ಹಿಂಸೆಯನ್ನು ಹೇರುವವನಾಗಿರದೆ ಅದನ್ನು ತಾನೇ ಸಹಿಸಿದವನು.

ಬಾರ್ಸೆಲೋನಾದ ಪ್ರಶ್ನೆ

ಯೆಹೂದ್ಯರಲ್ಲಿ ಬಹುಪಾಲು ಜನ ಈ ಜೋಡಣೆಯನ್ನು ಒಪ್ಪಲಿಲ್ಲ, ಮತ್ತು ಅವರ ಕಾರಣಗಳು ಹಗುರವಾದವುಗಳಲ್ಲ. ಕ್ರಿ.ಶ. 132ರಿಂದ 135ರವರೆಗೆ ರೋಮಿನ ವಿರುದ್ಧ ದಂಗೆ ನಡೆಸಿದ ಬಾರ್ ಕೋಖ್ಬಾನನ್ನು ರಬ್ಬಿ ಅಕೀವಾ ಎಂಬ ಮಹಾಪಂಡಿತನು ಮೆಸ್ಸೀಯನೆಂದು ಸ್ವಾಗತಿಸಿದ್ದನೆಂಬ ಪರಂಪರೆಯಿದೆ. ದಂಗೆ ಸೋತಾಗ ಆ ನಂಬಿಕೆಯೂ ಅಳಿಯಿತು. ಹನ್ನೆರಡನೆಯ ಶತಮಾನದ ದಾರ್ಶನಿಕ ಮೈಮೊನಿಡಿಸನು ಮೆಸ್ಸೀಯನನ್ನು ಮನುಷ್ಯನಾದ ಅರಸನೆಂದೇ ಕಂಡು, ಅವನನ್ನು ಪವಾಡಗಳಿಂದ ಗುರುತಿಸದೆ ಅವನು ಸಾಧಿಸುವ ಕೆಲಸದಿಂದ ಗುರುತಿಸಬೇಕೆಂದು ವಿಧಿಸಿದನು.

ಈ ವಾದವು ಅತ್ಯಂತ ಮೊನಚಾಗಿ ಕೇಳಿಬಂದದ್ದು 1263ರಲ್ಲಿ. ಅರಗಾನಿನ ದೊರೆ ಒಂದನೆಯ ಜೇಮ್ಸನ ಸಮ್ಮುಖದಲ್ಲಿ ಬಾರ್ಸೆಲೋನಾದಲ್ಲಿ ನಡೆದ ಬಹಿರಂಗ ವಾದದಲ್ಲಿ ಯೆಹೂದಿ ಪಂಡಿತ ನಹ್ಮನಿಡಿಸನು, ಮೆಸ್ಸೀಯನ ಕಾಲದಲ್ಲಿ ರಾಷ್ಟ್ರಗಳು ಯುದ್ಧಾಭ್ಯಾಸವನ್ನೇ ಮರೆಯಬೇಕೆಂದು ಪ್ರವಾದಿ ಹೇಳಿರುವಾಗ, ಯೇಸುವಿನ ಕಾಲದಿಂದ ಇಂದಿನವರೆಗೂ ಲೋಕವು ಹಿಂಸೆ ಸುಲಿಗೆಗಳಿಂದ ತುಂಬಿಯೇ ಇದೆಯಲ್ಲ ಎಂದು ಕೇಳಿದನು. ಯುದ್ಧವನ್ನು ಬಿಟ್ಟರೆ ದೊರೆಯ ಮತ್ತು ಅವನ ಸರದಾರರ ಗತಿಯೇನೆಂದು ಸೇರಿಸಲೂ ಹಿಂಜರಿಯಲಿಲ್ಲ. ಈ ಪ್ರಶ್ನೆಯನ್ನು ಕ್ರೈಸ್ತ ಚಿಂತನೆಯೂ ತಪ್ಪಿಸಿಕೊಳ್ಳಲಾರದು, ಏಕೆಂದರೆ ಅದು ಕ್ರೈಸ್ತರು ತಮ್ಮದೆಂದು ಓದುವ ಗ್ರಂಥದಿಂದಲೇ ಎದ್ದು ಬಂದಿದೆ.

ಕ್ರೈಸ್ತರ ಉತ್ತರವು ಮೆಸ್ಸೀಯನಿಗೆ ಎರಡು ಬರವುಗಳಿವೆ ಎಂಬುದು: ದೀನತೆಯಲ್ಲಿ ಬಂದದ್ದೊಂದು, ಮಹಿಮೆಯಲ್ಲಿ ಬರಬೇಕಾದದ್ದಿನ್ನೊಂದು. ಸತ್ತವರಿಗೂ ಜೀವಂತರಿಗೂ ನ್ಯಾಯತೀರಿಸಲು ಕ್ರಿಸ್ತನು ಮತ್ತೆ ಬರುವನೆಂಬುದನ್ನು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯೊಂದಿಗೆ ಗುರುತಿಸಲಾಗುವ ವಿಶ್ವಾಸಪ್ರಮಾಣವು ಘೋಷಿಸುತ್ತದೆ. ಪೌಲನು ಕ್ರಿಸ್ತನ ಪುನರುತ್ಥಾನವನ್ನು ಪ್ರಥಮ ಫಲವೆಂದು ಕರೆದನು; ಸುಗ್ಗಿಯ ಮೊದಲ ಸಿವುಡು ಕಣಕ್ಕೆ ಬಂದರೆ ಉಳಿದ ಬೆಳೆ ಬರುವುದು ಖಚಿತವಾದರೂ ಕೊಯ್ಲಿನ ದುಡಿಮೆ ಮುಂದೆಯೇ ಇರುತ್ತದೆ. ಇಪ್ಪತ್ತನೆಯ ಶತಮಾನದ ದೇವಶಾಸ್ತ್ರಜ್ಞ ಆಸ್ಕರ್ ಕುಲ್ಮನ್ ಇದೇ ವಿಚಾರವನ್ನು ಎರಡನೆಯ ಮಹಾಯುದ್ಧದ ಭಾಷೆಯಲ್ಲಿ ವಿವರಿಸಿದನು: ನಿರ್ಣಾಯಕ ಕದನ ಮುಗಿದು ಗೆಲುವಿನ ದಿನ ಇನ್ನೂ ಬಾರದಿರುವ ನಡುವಣ ಕಾಲದಲ್ಲಿ ಕ್ರೈಸ್ತರು ಬಾಳುತ್ತಿದ್ದಾರೆ. ಹೀಗೆ ನೋಡಿದರೆ ನಿರೀಕ್ಷೆಯ ಒಂದು ಭಾಗ ನೆನಪು, ಇನ್ನೊಂದು ಭಾಗ ಬೇಡಿಕೆ.

ಕಾಯುವ ಋತು

ಈ ಎರಡು ಭಾಗಗಳನ್ನೂ ಒಟ್ಟಿಗೆ ಹಿಡಿದಿಡಲು ಪಾಶ್ಚಾತ್ಯ ಪರಂಪರೆಯ ಸಭೆಗಳು ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯನ್ನು ಆಗಮನಕಾಲವೆಂದು ಆಚರಿಸುತ್ತವೆ. ಅವುಗಳ ಪೂಜಾವರ್ಷ ಆರಂಭವಾಗುವುದೂ ಇಲ್ಲಿಂದಲೇ. ಈ ಕಾಲದ ಮೊದಲ ದಿನಗಳ ಪಠಣಗಳು ಕ್ರಿಸ್ತನ ಎರಡನೆಯ ಬರವನ್ನು ಕುರಿತಾದರೆ, ಡಿಸೆಂಬರ್ 17ರಿಂದ ಮುಂದಿನವು ಜನನದತ್ತ ತಿರುಗುತ್ತವೆ. ಉತ್ತರಾರ್ಧಗೋಳದಲ್ಲಿ ಹಗಲು ಅತಿ ಚಿಕ್ಕದಾಗುವ ಡಿಸೆಂಬರ್ 21ರ ಸಂಜೆಯ ಪ್ರಾರ್ಥನೆಯಲ್ಲಿ ಮೆಸ್ಸೀಯನನ್ನು ಉದಯಸೂರ್ಯನೆಂದು ಸಂಬೋಧಿಸುವ ಪದ್ಧತಿ ಪ್ರಾಚೀನವಾದುದು. ಹಸಿರು ಎಲೆಗಳ ವರ್ತುಲದಲ್ಲಿ ವಾರಕ್ಕೊಂದರಂತೆ ಮೇಣದಬತ್ತಿ ಹಚ್ಚುವ ರೂಢಿಗೆ 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಬಡಮಕ್ಕಳ ಆಶ್ರಯಧಾಮವನ್ನು ನಡೆಸುತ್ತಿದ್ದ ಯೋಹಾನ್ ಹಿನ್‌ರಿಖ್ ವಿಖರ್ನನು ಮರದ ಚಕ್ರವೊಂದರ ಮೇಲೆ ನೆಟ್ಟ ಮೇಣದಬತ್ತಿಗಳು ನಾಂದಿಯಾದವು.

ಸಂಗೀತದಲ್ಲಿ ಈ ನಿರೀಕ್ಷೆಗೆ ಅತಿ ವ್ಯಾಪಕವಾದ ಪ್ರಚಾರ ಸಿಕ್ಕಿದ್ದು ಹ್ಯಾಂಡೆಲನ ‘ಮೆಸ್ಸಾಯ’ ಕೃತಿಯಿಂದ. ಚಾರ್ಲ್ಸ್ ಜೆನೆನ್ಸ್ ಬೈಬಲಿನಿಂದ ಆಯ್ದು ಹೊಂದಿಸಿಕೊಟ್ಟ ಪಾಠಕ್ಕೆ 1741ರಲ್ಲಿ ರಾಗ ಸಂಯೋಜಿಸಿದ ಈ ಕೃತಿಯು 1742ರ ಏಪ್ರಿಲ್ 13ರಂದು ಡಬ್ಲಿನಿನಲ್ಲಿ ಮೊದಲು ಪ್ರದರ್ಶನಗೊಂಡಾಗ, ಅದರ ಉತ್ಪತ್ತಿಯನ್ನು ಸಾಲ ತೀರಿಸಲಾಗದೆ ಸೆರೆಮನೆಯಲ್ಲಿದ್ದವರ ಬಿಡುಗಡೆಗೂ ಆಸ್ಪತ್ರೆಗಳಿಗೂ ಮೀಸಲಿಡಲಾಗಿತ್ತು.

ಕನ್ನಡದಲ್ಲಿ ಯೆಶಾಯನ ಮಾತುಗಳು ಓದಲು ದೊರೆತದ್ದು ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಹಾಯಕರ ಪರಿಶ್ರಮದಿಂದ. ಸಂಪೂರ್ಣ ಕನ್ನಡ ಬೈಬಲ್ 1831ರಲ್ಲಿ ಸಿದ್ಧವಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮುದ್ರಣಾಲಯ, ಶಾಲೆಗಳ ಮೂಲಕ ಈ ಪಠ್ಯವನ್ನು ಕರಾವಳಿಯಲ್ಲಿಯೂ ಒಳನಾಡಿನಲ್ಲಿಯೂ ಹರಡಿತು. ಅದಕ್ಕೂ ಬಹಳ ಹಿಂದಿನಿಂದ ಇಲ್ಲಿ ನೆಲೆಸಿರುವ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಡಿಸೆಂಬರಿನಲ್ಲಿ ಅಣಿಯಾಗುವ ಗೋದಲಿಗೆ, 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಅಸಿಸ್ಸಿಯ ಸಂತ ಫ್ರಾನ್ಸಿಸ್ ಏರ್ಪಡಿಸಿದ್ದ ಜನನದೃಶ್ಯವೇ ಮಾದರಿ.

ಬಾಕಿ ಉಳಿದಿರುವುದು

ಭರವಸೆಯನ್ನು ಸಾರಿದವರೇ ಅದಕ್ಕೆ ವಿರುದ್ಧವಾಗಿ ನಡೆದದ್ದಕ್ಕೆ ಚರಿತ್ರೆಯಲ್ಲಿ ಸಾಕ್ಷ್ಯಗಳು ಸಾಕಷ್ಟಿವೆ. 1099ರಲ್ಲಿ ಯೆರೂಸಲೇಮನ್ನು ಗೆದ್ದ ಕ್ರೈಸ್ತ ಧರ್ಮಯೋಧರು ಅಲ್ಲಿನ ಮುಸ್ಲಿಮರನ್ನೂ ಯೆಹೂದ್ಯರನ್ನೂ ಕೊಂದರು; ಮೆಸ್ಸೀಯನನ್ನು ಒಪ್ಪಲಿಲ್ಲವೆಂಬ ಆರೋಪದ ಮೇಲೆ ಯುರೋಪಿನ ಯೆಹೂದ್ಯರು ಶತಮಾನಗಳ ಕಾಲ ಹಿಂಸೆಗೆ ಗುರಿಯಾದರು. ಬೆಳಕನ್ನು ಕೇವಲ ಆತ್ಮದ ಒಳಗಿನ ಅನುಭವವೆಂದೂ ಶಾಂತಿಯನ್ನು ಮರಣಾನಂತರದ ವರವೆಂದೂ ಕಿರಿದುಗೊಳಿಸಿದಾಗ ಇಂತಹ ವಿರೋಧಾಭಾಸವು ಕಣ್ಣಿಗೆ ಬೀಳದೆ ಹೋಗುತ್ತದೆ. ಯೆಶಾಯನ ಕರಾರನ್ನು ಜೊತೆಗಿಟ್ಟು ಓದಿದಾಗಲೇ ಅದು ಎದ್ದು ಕಾಣುತ್ತದೆ.

ಆ ಕರಾರನ್ನು ಮರೆಯದವರೂ ಇದ್ದಾರೆ. 1963ರ ಏಪ್ರಿಲ್ 11ರಂದು, ಅಣ್ವಸ್ತ್ರ ಯುದ್ಧದ ಅಂಚಿಗೆ ಲೋಕವನ್ನು ತಳ್ಳಿದ್ದ ಕ್ಯೂಬಾ ಬಿಕ್ಕಟ್ಟಿನ ಕೆಲವೇ ತಿಂಗಳ ನಂತರ, ಪೋಪ್ ಇಪ್ಪತ್ತಮೂರನೆಯ ಜಾನ್ ಹೊರಡಿಸಿದ ‘ಪಾಚೆಮ್ ಇನ್ ತೆರ್ರಿಸ್’ ಎಂಬ ವಿಶ್ವಪತ್ರವು ಸತ್ಯ, ನ್ಯಾಯ, ಪ್ರೀತಿ, ಸ್ವಾತಂತ್ರ್ಯಗಳ ಮೇಲೆ ಕಟ್ಟಿದ ಶಾಂತಿಯೊಂದೇ ನಿಲ್ಲಬಲ್ಲದೆಂದು ವಾದಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ಕರಿಯರ ಹಕ್ಕುಗಳಿಗಾಗಿ ಮಾಡಿದ ಭಾಷಣದಲ್ಲಿ ಯೆಶಾಯ ಮತ್ತು ಆಮೋಸ ಪ್ರವಾದಿಗಳ ನುಡಿಗಳನ್ನು ಬಳಸಿಕೊಂಡರು. ಯೆಶಾಯನ ಗ್ರಂಥದಲ್ಲಿ ಬರುವ, ಕತ್ತಿಗಳನ್ನು ನೇಗಿಲಾಗಿ ಬಡಿಯುವ ಚಿತ್ರವು, 1959ರಲ್ಲಿ ನಾಸ್ತಿಕ ಸೋವಿಯತ್ ಒಕ್ಕೂಟವೇ ಕಾಣಿಕೆಯಾಗಿ ಕೊಟ್ಟ ಶಿಲ್ಪದ ರೂಪದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಆವರಣದಲ್ಲಿ ನಿಂತಿದೆ.

ಬಾರ್ಸೆಲೋನಾದಲ್ಲಿ ಎದ್ದ ಆಕ್ಷೇಪಕ್ಕೆ ಕ್ರೈಸ್ತರು ಕೊಟ್ಟ ಉತ್ತರ ಯೆಹೂದ್ಯರಿಗೆ ಒಪ್ಪಿಗೆಯಾಗದಿದ್ದರೂ, ಲೋಕವು ಇನ್ನೂ ಪ್ರವಾದಿಯ ಅಳತೆಯನ್ನು ಮುಟ್ಟಿಲ್ಲವೆಂಬ ವಿಷಯದಲ್ಲಿ ಇಬ್ಬರಿಗೂ ಸಹಮತವಿದೆ. ಮೆಸ್ಸೀಯನು ಬಂದನೆಂದು ನಂಬುವವರು ಆ ಕೊರತೆಯನ್ನು ಮುಚ್ಚಿಡುವಂತಿಲ್ಲ; ಬಡವರಿಗೆ ನ್ಯಾಯ ಸಿಗದ ಊರಿನಲ್ಲಿ ಶಾಂತಿ ನೆಲೆಸಿದೆಯೆಂದು ಹೇಳುವ ಹಕ್ಕನ್ನು ಅವರ ಧರ್ಮಗ್ರಂಥವೇ ಅವರಿಗೆ ಕೊಟ್ಟಿಲ್ಲ.